ನನ್ನ ಹೊಸ ಸೊಂಟ ನೋಡಲು ಬರುವವರಿಗೆ

ನೆಂಟರಿಗೆ, ನೆರೆಹೊರೆಯವರಿಗೆ, ಭಜನಾ ಮಂಡಳಿಯ ಗೆಳತಿಯರಿಗೆ, ಸುದ್ದಿ ಕೇಳಿ ಕಾರು ಮಾಡಿಕೊಂಡು ಮೈಸೂರಿಗೆ ಬಂದಿಳಿದವರಿಗೆ ನಮಸ್ಕಾರ.

ಆಪರೇಷನ್ ಆಗಿ ಮನೆಗೆ ಬಂದಾಗಿನಿಂದ ನೀವು ತೋರಿಸುತ್ತಿರುವ ಪ್ರೀತಿಗೆ ಬೆಲೆ ಕಟ್ಟಲಾಗದು. ಸೇಬಿಗಾದರೆ ಕಟ್ಟಬಹುದು; ಅವು ಫ್ರಿಜ್ಜಿನಲ್ಲಿ ಹಿಡಿಸದೆ ಕೆಲಸದವಳ ಮನೆಗೆ ಹೋಗಿ, ಅಲ್ಲಿಂದಲೂ "ಸಾಕು ಕಣಮ್ಮ" ಎಂದು ವಾಪಸು ಬಂದಿವೆ. ಆದರೆ ನಿಮ್ಮ ಪ್ರೀತಿಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕಾಗಿದೆ. ಎದುರಿಗೇ ಹೇಳೋಣವೆಂದರೆ ನಿಮ್ಮ ಮಾತಿನ ನಡುವೆ ನನಗೆ ಸಂದು ಸಿಗುತ್ತಿಲ್ಲ. ಹಾಗಾಗಿ ಈ ಬಹಿರಂಗ ಪತ್ರ.

ಮೊದಲು ಕುರ್ಚಿಯ ವಿಚಾರ. ನಮ್ಮ ಹಾಲಿನಲ್ಲಿ ಕೈಯಿರುವ ಎತ್ತರದ ಕುರ್ಚಿ ಇರುವುದು ಒಂದೇ. ಮಗ ಅದರ ನಾಲ್ಕೂ ಕಾಲಿಗೆ ಮರದ ತುಂಡು ಕೊಟ್ಟು ಇನ್ನಷ್ಟು ಎತ್ತರಿಸಿದ್ದಾನೆ. ಕೂತಾಗ ನನ್ನ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು ಎಂಬುದು ಡಾಕ್ಟರ ಅಪ್ಪಣೆ. ಹಿಂಬದಿಯಿಂದ ಕೊಯ್ದು ಕೀಲು ಕೂರಿಸಿದವರಿಗೆ ಮೊದಲ ಕೆಲವು ವಾರ ಸಾಮಾನ್ಯವಾಗಿ ಹೇಳುವ ಪಥ್ಯ ಇದು: 90 ಡಿಗ್ರಿಗಿಂತ ಹೆಚ್ಚು ಬಗ್ಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಿಸಬಾರದು. ತಪ್ಪಿದರೆ ಹೊಸ ಚೆಂಡು ಬಟ್ಟಲಿನಿಂದ ಆಚೆ ಜಾರಬಹುದು. ಇಷ್ಟನ್ನೂ ಕೇಳಿಸಿಕೊಂಡು, ಲೊಚಗುಟ್ಟಿ, ನಮ್ಮ ಭಾವನವರು ಅದೇ ಕುರ್ಚಿಯಲ್ಲಿ ವಿರಾಜಮಾನರಾಗುತ್ತಾರೆ. "ಇದು ಚೆನ್ನಾಗಿದೆ ಕಣಮ್ಮ, ಕೂರೋಕೆ ಏಳೋಕೆ ಆರಾಮ" ಎಂದು ಸರ್ಟಿಫಿಕೇಟೂ ಕೊಡುತ್ತಾರೆ. ನನಗೆ ದಿವಾನದ ಕಡೆ ಕೈ ತೋರಿಸುತ್ತಾರೆ. ಅದರಲ್ಲಿ ಕೂತರೆ ನನ್ನ ಮಂಡಿ ಗದ್ದವನ್ನು ವಿಚಾರಿಸಿಕೊಳ್ಳುತ್ತದೆ. ಹೀಗಾಗಿ ಅವರು ಎರಡನೇ ಸಲ ಕಾಫಿ ಕುಡಿದು ಏಳುವವರೆಗೂ ನಾನು ವಾಕರ್ ಹಿಡಿದು ನಿಂತೇ ಇರುತ್ತೇನೆ. ಆ ವಾಕರಿನ ಮೇಲೂ ಅವರ ಮಫ್ಲರ್ ಒಣಗುತ್ತಿರುತ್ತದೆ.

ಇನ್ನು ಕಾಲು ಅಲ್ಲಾಡಿಸುವ ವಿಚಾರ. ಮಲಗಿದಲ್ಲೇ ಪಾದವನ್ನು ಹಿಂದೆ ಮುಂದೆ ಆಡಿಸುತ್ತಿರಬೇಕು, ಇಲ್ಲದಿದ್ದರೆ ಮೀನಖಂಡದ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು, ಆ ಹೆಪ್ಪು ಹೊರಟು ಶ್ವಾಸಕೋಶಕ್ಕೆ ಹೋಗಿ ಕೂತರೆ ಪ್ರಾಣಕ್ಕೇ ಬರಬಹುದು ಎಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟರು. ಅದಕ್ಕೆಂದೇ ಹೊಟ್ಟೆಗೆ ಇಂಜೆಕ್ಷನ್ನೂ ಚುಚ್ಚಿದರು. ಮನೆಗೆ ಬಂದು ಭಕ್ತಿಯಿಂದ ಪಾದ ಆಡಿಸುತ್ತಿದ್ದರೆ, ಮಂಚದ ಪಕ್ಕ ಕೂತ ಹಿರಿಯರೊಬ್ಬರು ನನ್ನ ಪಾದವನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದರು. "ಹಾಗೆಲ್ಲ ಕಾಲು ಅಲ್ಲಾಡಿಸಬಾರದು, ಮನೆಗೆ ದರಿದ್ರ." ಅವರು ಹೋಗುವವರೆಗೂ ಹೊದಿಕೆಯೊಳಗೆ ಕದ್ದು ಆಡಿಸಿದೆ. ದರಿದ್ರ ಬರುವುದಿದ್ದರೆ ಆಸ್ಪತ್ರೆಯ ಬಿಲ್ಲಿನ ಜೊತೆಗೇ ಬಂದಾಗಿದೆ ಎಂದು ಅವರಿಗೆ ಹೇಳುವ ಧೈರ್ಯವಾಗಲಿಲ್ಲ.

ನಿಮ್ಮೆಲ್ಲರ ಬಾಯಲ್ಲೂ ಒಂದೇ ಮಂತ್ರ: ರೆಸ್ಟ್ ತಗೊಳ್ಳಿ. ಎದ್ದೀರಿ ಜೋಕೆ. ಆರು ತಿಂಗಳು ಮಂಚ ಬಿಡಬೇಡಿ. ನಮ್ಮಲ್ಲಿ ಪ್ರೀತಿ ಎಂದರೆ ಮಲಗಿಸುವುದು, ನನಗೂ ಗೊತ್ತು. ಬಾಣಂತಿಯನ್ನು ಮಲಗಿಸುತ್ತೇವೆ, ಜ್ವರ ಬಂದವರನ್ನು ಮಲಗಿಸುತ್ತೇವೆ. ಆದರೆ ನನ್ನ ವಯಸ್ಸಿನವರು ಸೊಂಟ ಮುರಿದುಕೊಂಡು ಮಲಗಿಯೇ ಇದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಅಜ್ಜಿಯರ ಕಾಲದಲ್ಲಿ ನೀವೇ ನೋಡಿದ್ದೀರಿ. "ಬಿದ್ದರು, ಆಮೇಲೆ ಏಳಲೇ ಇಲ್ಲ" ಎನ್ನುತ್ತಿದ್ದೆವಲ್ಲ, ಅವರನ್ನು ಒಯ್ದದ್ದು ಬರೀ ಮುರಿದ ಮೂಳೆಯಲ್ಲ. ಬೆನ್ನಿನ ಹುಣ್ಣು, ಎದೆಯಲ್ಲಿ ಕಟ್ಟಿದ ಕಫ, ನ್ಯುಮೋನಿಯಾ, ಕರಗಿಹೋದ ತೊಡೆಯ ಮಾಂಸ: ಇವೆಲ್ಲ ಮಂಚ ಕೊಟ್ಟ ಬಳುವಳಿ. ಅದಕ್ಕೇ ಈಗ ಕೊಯ್ದ ಮಾರನೆಯ ದಿನವೇ, ಕೆಲವೊಮ್ಮೆ ಅದೇ ದಿನ, ಎಬ್ಬಿಸಿ ನಿಲ್ಲಿಸುತ್ತಾರೆ.

ನನ್ನನ್ನು ನಿಲ್ಲಿಸುವವಳು ಫಿಸಿಯೋಥೆರಪಿಯ ಹುಡುಗಿ. ಒಂದು ಹಿಡಿ ಇದ್ದಾಳೆ. "ಬನ್ನಿ ಆಂಟಿ, ಇನ್ನೊಂದು ರೌಂಡ್" ಎಂದರೆ ಮುಗಿಯಿತು, ಕಣ್ಣೀರಿಗೂ ಕರಗುವವಳಲ್ಲ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು ಎಂದು ಮಗ್ಗಿಯಂತೆ ಹೇಳಿಸುತ್ತಾಳೆ. ಅವಳು ಹೋದ ಮೇಲೆ ನಿಮ್ಮಲ್ಲೊಬ್ಬರು, "ಆ ಹುಡುಗಿಗೆ ಹೃದಯಾನೇ ಇಲ್ಲ" ಎಂದಿರಿ. ಇರಲಿ ಬಿಡಿ. ಹೃದಯ ಇರುವವರು ಈ ಮನೆಗೆ ದಿನಕ್ಕೊಂದು ಕಾರು ತುಂಬ ಬರುತ್ತಿದ್ದಾರೆ. ಇಲ್ಲದವಳು ಒಬ್ಬಳಾದರೂ ಬೇಡವೇ?

ವಾಕರಿನಿಂದ ಕೋಲಿಗೆ ಬಡ್ತಿ ಸಿಕ್ಕ ಮೇಲೆ ನಿಮ್ಮ ಕಣ್ಣು ಕೋಲಿನ ಮೇಲೆ ಬಿತ್ತು. ಆಪರೇಷನ್ ಆದದ್ದು ಬಲಗಡೆ, ನಾನು ಕೋಲು ಹಿಡಿಯುವುದು ಎಡಗೈಯಲ್ಲಿ. "ಆಸ್ಪತ್ರೆಯವರಿಗೆ ಅಷ್ಟೂ ಗೊತ್ತಾಗಲ್ಲವಾ?" ಎಂದು ಕೋಲು ಕಿತ್ತು ಬಲಗೈಗೆ ಕೊಟ್ಟ ಪುಣ್ಯಾತ್ಮರಿದ್ದೀರಿ. ಬಲಗಾಲಿನ ಮೇಲೆ ಭಾರ ಬಿದ್ದಾಗ ದೇಹ ಎಡಕ್ಕೆ ಕುಸಿಯುತ್ತದೆ. ಆ ಕುಸಿತವನ್ನು ತಡೆಯಲು ಬಲಸೊಂಟದ ಸ್ನಾಯು ಹೆಣಗುತ್ತದೆ. ಎಡಗೈಯ ಕೋಲು ಅದಕ್ಕೆ ಆಸರೆಯಾಗುತ್ತದೆ. ಇದನ್ನು ವಿವರಿಸಲು ಹೋದರೆ, ನಿಮ್ಮ ದೊಡ್ಡಪ್ಪ ಬಲಗಡೆಯೇ ಹಿಡಿಯುತ್ತಿದ್ದರು ಎಂಬ ಸಾಕ್ಷ್ಯ ಬರುತ್ತದೆ. ಅವರು ಹಿಡಿಯುತ್ತಿದ್ದದ್ದು ನಾಯಿ ಓಡಿಸಲು.

ನಾಟಿ ಕಟ್ಟು ಹಾಕಿಸಿದ್ದರೆ ಆಪರೇಷನ್ನೇ ಬೇಕಿರಲಿಲ್ಲ ಎಂದವರಿಗೂ ಒಂದು ಮಾತು. ತೊಡೆಮೂಳೆಯ ಕತ್ತು ಮುರಿದು ಜರುಗಿದರೆ ಅದರ ತಲೆಗೆ ರಕ್ತ ಒಯ್ಯುವ ಸಣ್ಣ ನಾಳಗಳೂ ಹರಿಯುತ್ತವೆ. ಹೊರಗಿನಿಂದ ಎಷ್ಟು ಬಿಗಿಯಾಗಿ ಬಿದಿರುಪಟ್ಟಿ ಕಟ್ಟಿದರೂ ಒಳಗೆ ರಕ್ತ ಹರಿಯುವುದಿಲ್ಲ. ಅದಕ್ಕೇ ಬದಲಿಸುವುದು.

ಬದಲಿಸುವ ಈ ವಿದ್ಯೆಯನ್ನು ಹದಕ್ಕೆ ತಂದವರು ಇಂಗ್ಲೆಂಡಿನ ಜಾನ್ ಚಾರ್ನ್‌ಲಿ. ಮೊದಲು ಅವರು ಬಟ್ಟಲಿಗೆ ಬಳಸಿದ್ದು ಟೆಫ್ಲಾನ್, ನಿಮ್ಮ ನಾನ್‌ಸ್ಟಿಕ್ ತವಾದ ಮೇಲಿರುತ್ತದಲ್ಲ, ಅದೇ. ಕೆಲವೇ ವರ್ಷಗಳಲ್ಲಿ ಅದು ಸವೆದು ಪುಡಿಯಾಗಿ, ಒಳಗೆಲ್ಲ ಊತ ತಂದು, ರೋಗಿಗಳನ್ನು ಮತ್ತೆ ಕೊಯ್ಯಬೇಕಾಯಿತು. 1962ರಲ್ಲಿ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಪಾಲಿಥಿಲೀನ್ ಬಟ್ಟಲು ಕೂರಿಸಿದರು. ಇವತ್ತಿಗೂ ಅದೇ ಜಾತಿಯ ಬಟ್ಟಲು. ನನಗೆ ಅವರ ಮೇಲೆ ಗೌರವ ಬಂದದ್ದು ಇನ್ನೊಂದು ಕಾರಣಕ್ಕೆ. ಈ ಎರಡೂ ವಸ್ತುಗಳನ್ನು ಪುಡಿಮಾಡಿ ತಮ್ಮ ತೊಡೆಗೇ ಸೇರಿಸಿಕೊಂಡು, ಯಾವುದು ಗಂಟು ಕಟ್ಟುತ್ತದೆ, ಯಾವುದು ತೆಪ್ಪಗಿರುತ್ತದೆ ಎಂದು ನೋಡಿದ್ದರಂತೆ ಮಹಾನುಭಾವರು. ನನಗೆ ಸಲಹೆ ಕೊಡಲು ಬರುವವರಿಗೂ ಇದೇ ನಿಯಮ ಜಾರಿ ಮಾಡಬೇಕೆಂದಿದ್ದೇನೆ. ಮೊದಲು ನಿಮ್ಮ ತೊಡೆ, ಆಮೇಲೆ ನನ್ನದು.

ಕೊನೆಗೆ, ನೀವೆಲ್ಲರೂ ತಪ್ಪದೆ ಕೇಳುವ ಪ್ರಶ್ನೆ: "ಹೇಗೆ ಬಿದ್ರಿ?" ಬಚ್ಚಲಲ್ಲಿ, ಒದ್ದೆ ನೆಲದಲ್ಲಿ. ಸೋಪು ಯಾವುದು, ಅಮಾವಾಸ್ಯೆಯೇ, ಬೆಳಗಿನ ಜಾವವೇ ಎಂದು ಪೊಲೀಸರಂತೆ ಮಹಜರು ಮಾಡುತ್ತೀರಿ. ನಮ್ಮ ಬಚ್ಚಲಿಗೆ ಈಗ ಹಾಕಿಸಿದ ಹಿಡಿಕೆ, ಕಮೋಡಿನ ಮೇಲಿನ ಎತ್ತರದ ಸೀಟು, ಜಾರದ ಮ್ಯಾಟು ಎಲ್ಲವನ್ನೂ ವಸ್ತುಪ್ರದರ್ಶನ ನೋಡುವಂತೆ ನೋಡಿ, ಫೋಟೋ ತೆಗೆದು, ನಯವಾದ ಟೈಲ್ಸಿನ ನಿಮ್ಮ ಬಚ್ಚಲಿಗೆ ನಿಶ್ಚಿಂತೆಯಿಂದ ಸ್ನಾನಕ್ಕೆ ಹೋಗುತ್ತೀರಿ. ಭಾವನವರಿಗೆ ನನಗಿಂತ ವಯಸ್ಸು ಹೆಚ್ಚು. ಅವರ ಬಚ್ಚಲ ಬಾಗಿಲಲ್ಲಿ ಮಡಿಚಿಕೊಂಡು ಬಿದ್ದಿರುವ ಕಾಲೊರಸು ಅದೆಷ್ಟೋ ಕಾಲದಿಂದ ಒಬ್ಬರಿಗಾಗಿ ಕಾಯುತ್ತಿದೆ.

ಆದ್ದರಿಂದ ಇನ್ನು ಮುಂದೆ ನಮ್ಮ ಮನೆಗೆ ಬರುವವರು ಸೇಬು ತರಬೇಡಿ, ನಿಮ್ಮ ಬಚ್ಚಲಿಗೆ ಹಿಡಿಕೆ ಹಾಕಿಸಿದ ರಸೀದಿ ತನ್ನಿ. ತಂದವರಿಗೆ ಫಿಲ್ಟರ್ ಕಾಫಿ. ತರದವರಿಗೆ ನಿಮ್ಮದೇ ಸೇಬು. ಸಂಜೆ 5ಕ್ಕೆ ಬಂದರೆ ಒಳ್ಳೆಯದು, ಆಗ ನಾನು ಗೇಟಿನವರೆಗೆ ನಡೆಯುತ್ತಿರುತ್ತೇನೆ.

ಇಂತಿ,
ನಿಮ್ಮ ದೊಡ್ಡಮ್ಮ, ಅತ್ತಿಗೆ, ಎದುರು ಮನೆ ಆಂಟಿ

ವಿ.ಸೂ.: ಟವೆಲ್ ಹಾಕುವ ಕಂಬಿಯನ್ನೇ ತೋರಿಸಿ "ಇದೆಯಲ್ಲ ಹಿಡಿಕೆ" ಎನ್ನುವವರಿಗೆ ಕಾಫಿ ಇಲ್ಲ. ನಮ್ಮಲ್ಲೂ ಅದು ಇತ್ತು; ಅವತ್ತು ಗೋಡೆ ಬಿಟ್ಟು ನನ್ನ ಜೊತೆಗೇ ಕೆಳಗೆ ಬಂತು.