ಕೇಳಿನೋಡಿ ರಾಯರು

ಕೇಳಿನೋಡಿ ರಾಯರು ಕರ್ನಾಟಕದ ಎಲ್ಲ ಊರುಗಳಲ್ಲೂ ಧಾರಾಳವಾಗಿ ಸಿಗುವ ಗೃಹಸ್ಥ ಪ್ರಭೇದ. ವಯಸ್ಸು ನಲವತ್ತೈದರ ಮೇಲೆ. ಉದ್ಯೋಗ ಬ್ಯಾಂಕು, ಕಾಲೇಜು ಅಥವಾ ಸರ್ಕಾರಿ ಕಚೇರಿ. ವಾಸ ಸ್ವಂತ ಮನೆ, ಸಾಲ ಇನ್ನೂ ತೀರಿಲ್ಲ. ಆಫೀಸಿನಲ್ಲಿ ಸಿಡುಕಿ ಯಾರಾದರೂ ಮುಖ ಸಣ್ಣ ಮಾಡಿಕೊಂಡರೆ ರಾಯರು, "ನಾನು ಅಂಥವನಲ್ಲ ಸಾರ್, ನಮ್ಮ ಮನೇಲಿ ಕೇಳಿ ನೋಡಿ" ಎನ್ನುತ್ತಾರೆ. ಮನೆಯಲ್ಲಿ ಸಿಡುಕಿದರೆ, "ನಮ್ಮ ಆಫೀಸಲ್ಲಿ ಕೇಳಿ ನೋಡು, ನನ್ನಷ್ಟು ತಾಳ್ಮೆ ಯಾರಿಗಿದೆ ಅಂತ" ಎನ್ನುತ್ತಾರೆ. ತಮ್ಮ ನಿಜರೂಪ ಸದಾ ಇನ್ನೊಂದು ಕಡೆ ಇದೆ ಎಂಬುದು ಅವರ ಸಿದ್ಧಾಂತ. ಎರಡೂ ಕಡೆಯ ಸಾಕ್ಷಿಗಳು ಒಟ್ಟಿಗೆ ಸೇರುವುದು ಮಗಳ ಮದುವೆಯ ಛತ್ರದಲ್ಲಿ ಮಾತ್ರ. ಅಂದು ಅಡುಗೆಯವರ ಹಿಂದೆ ಓಡಾಡುವುದರಲ್ಲೇ ಎಲ್ಲರೂ ಮುಳುಗಿರುವುದರಿಂದ ವಿಚಾರಣೆ ನಡೆಯುವುದಿಲ್ಲ.

ಮನೆಯಲ್ಲಿ ರಾಯರ ಸಹಜ ಹೊದಿಕೆ ಲುಂಗಿ ಮತ್ತು ಬೆನ್ನಿನ ಕಡೆ ತೂತಾದ ಬನಿಯನ್. ಕಾಲಿಂಗ್ ಬೆಲ್ ಬಾರಿಸಿದ ಕೂಡಲೇ ರೂಪಾಂತರ ಶುರುವಾಗುತ್ತದೆ. ಟಿವಿಯಲ್ಲಿ ಅಳುತ್ತಿದ್ದ ಸೀರಿಯಲ್ ಸೊಸೆ ಮಾಯವಾಗಿ ವಾರ್ತೆ ಬರುತ್ತದೆ. ಬಾಗಿಲಿನ ಹಿಂದೆ ನೇತುಹಾಕಿದ್ದ ಶರಟು ಮೈಮೇಲೆ ಏರುತ್ತದೆ, ಗುಂಡಿ ಒಂದು ಮನೆ ತಪ್ಪಿರುತ್ತದೆ. ಷೋಕೇಸಿನಿಂದ ಹೂವಿನ ಕಪ್ಪುಗಳು ಇಳಿಯುತ್ತವೆ. ಬಂದವನು ಕೊರಿಯರ್ ಹುಡುಗ ಎಂದು ಗೊತ್ತಾದರೆ ಇಷ್ಟೂ ಕ್ರಿಯೆ ಹಿಮ್ಮುಖವಾಗಿ ನಡೆಯುತ್ತದೆ. ಊಟದ ಪಂಕ್ತಿಯಲ್ಲಿ ಒಬ್ಬಟ್ಟು ಬಡಿಸುವವರು ಬಂದಾಗ ರಾಯರು ಎಲೆಗೆ ಎರಡೂ ಕೈ ಅಡ್ಡ ಹಿಡಿದು "ಸಾಕು ಸಾಕು, ಶುಗರ್ ಇದೆ" ಎನ್ನುತ್ತಾರೆ. ಬೆರಳುಗಳ ನಡುವೆ ಒಂದು ಒಬ್ಬಟ್ಟು ಜಾರುವಷ್ಟು ಜಾಗ ಇರುತ್ತದೆ. ಅದೇ ಒಬ್ಬಟ್ಟು ಪೊಟ್ಟಣವಾಗಿ ಮನೆಗೆ ಬಂದರೆ ರಾತ್ರಿ ಹನ್ನೊಂದಕ್ಕೆ ಫ್ರಿಜ್ಜಿನ ಬೆಳಕಿನಲ್ಲಿ ನಿಂತೇ ಮುಗಿಯುತ್ತದೆ, ಶುಗರ್ ಮಲಗಿರುತ್ತದೆ. ಬಚ್ಚಲಿನಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ ರಾಜ್‌ಕುಮಾರ್ ಚಿತ್ರಗೀತೆಗಳನ್ನು ರಾಯರು ಗಟ್ಟಿಯಾಗಿ ಹಾಡುತ್ತಾರೆ. ಟೈಲ್ಸ್ ಗೋಡೆಗಳು ಸದ್ದನ್ನು ಹೀರದೆ ತಿರುಗಿಸಿ ಕಳಿಸುವುದರಿಂದ ಅಲ್ಲಿ ಎಂಥ ಗಂಟಲಿಗೂ ಒಂದು ತೂಕ ಬರುತ್ತದೆ. ಗಣೇಶನ ಹಬ್ಬದ ಪೆಂಡಾಲಿನಲ್ಲಿ ಮೈಕ್ ಕೊಟ್ಟಾಗ ಟೈಲ್ಸ್ ಜೊತೆಗೆ ಬಂದಿರುವುದಿಲ್ಲ.

ನೋಡುವವರಿದ್ದರೆ ಮನುಷ್ಯ ಬದಲಾಗುವುದು ರಾಯರೊಬ್ಬರ ದೌರ್ಬಲ್ಯವಲ್ಲ. ಅಮೆರಿಕದ ನಾರ್ಮನ್ ಟ್ರಿಪ್ಲೆಟ್ 1898ರಲ್ಲೇ ಸೈಕಲ್ ಪಂದ್ಯಗಳ ದಾಖಲೆ ತೆಗೆದು, ಒಬ್ಬನೇ ತುಳಿಯುವವನಿಗಿಂತ ಜೊತೆಗಾರರಿರುವವನು ವೇಗವಾಗಿ ತುಳಿಯುತ್ತಾನೆಂದು ತೋರಿಸಿದ. 1969ರಲ್ಲಿ ರಾಬರ್ಟ್ ಜಾಯನ್ಸ್ ಎಂಬ ಮನಃಶಾಸ್ತ್ರಜ್ಞ ಮತ್ತು ಸಂಗಡಿಗರು ಇದನ್ನು ಜಿರಳೆಗಳ ಮೇಲೆ ಪರೀಕ್ಷಿಸಿದರು. ಬೆಳಕಿಗೆ ಬೆದರಿ ಓಡುವ ಜಿರಳೆಗೆ ಒಂದು ದಾರಿ, ದಾರಿಯ ಪಕ್ಕದ ಪಾರದರ್ಶಕ ಡಬ್ಬಿಗಳಲ್ಲಿ ಪ್ರೇಕ್ಷಕ ಜಿರಳೆಗಳು. ದಾರಿ ನೇರವಾಗಿದ್ದರೆ, ನೋಡುವವರಿದ್ದಾಗ ಜಿರಳೆ ಬೇಗ ಗುರಿ ಮುಟ್ಟಿತು, ತಿರುವುಗಳಿದ್ದರೆ ತಡವಾಯಿತು. ನಾಲ್ಕು ಜನ ಏನಂತಾರೆ ಎಂಬ ಚಿಂತೆ ಆರು ಕಾಲಿನವರಿಗೂ ಇದೆ ಎಂದಾಯಿತು. ರಾಯರ ವರ್ತನೆಯೂ ಇದಕ್ಕೆ ಸರಿಹೊಂದುತ್ತದೆ. ಲಾಲ್‌ಬಾಗಿನ ನೇರ ದಾರಿಯಲ್ಲಿ ಹಿಂದಿನಿಂದ ಯಾರಾದರೂ ಬಂದರೆ ಅವರ ನಡಿಗೆ ಚುರುಕಾಗುತ್ತದೆ. ಕಾರನ್ನು ರಿವರ್ಸ್ ತೆಗೆಯುವಾಗ ಸೆಕ್ಯುರಿಟಿಯವನು "ಬನ್ನಿ, ಬನ್ನಿ, ಬನ್ನಿ" ಎಂದು ನಿಂತರೆ, ದಿನವೂ ಒಬ್ಬರೇ ಸಲೀಸಾಗಿ ತೆಗೆಯುವ ಕಾರು ಕಂಬಕ್ಕೆ ತಾಗುತ್ತದೆ.

ಒಬ್ಬ ಮನುಷ್ಯನಿಗೆ ರಂಗವೂ ನೇಪಥ್ಯವೂ ಇರುತ್ತವೆಂದು ಸಮಾಜಶಾಸ್ತ್ರಜ್ಞ ಇರ್ವಿಂಗ್ ಗಾಫ್‌ಮನ್ 1956ರ ತನ್ನ ಪುಸ್ತಕದಲ್ಲಿ ವಿವರಿಸಿದ. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪದ ಹೋಟೆಲೊಂದರಲ್ಲಿ, ಅಡುಗೆಮನೆಯ ಬಾಗಿಲು ದಾಟುತ್ತಲೇ ಕೆಲಸದವರ ಮುಖವೂ ಮಾತೂ ಬದಲಾಗುವುದನ್ನು ಅವನು ಗಮನಿಸಿದ್ದ. ಯಕ್ಷಗಾನ ನೋಡಿದವರಿಗೆ ಇದು ಹೊಸದೇನಲ್ಲ. ರಂಗಸ್ಥಳದಲ್ಲಿ ಅಬ್ಬರಿಸುವ ಕೌರವ ಬಣ್ಣ ಹಚ್ಚುವ ಚೌಕಿಗೆ ಬಂದರೆ ಕಿರೀಟ ಬಿಚ್ಚಿ, ಕವಳ ಹಾಕಿ, ಮಗನ ಸ್ಕೂಲ್ ಫೀಸಿನ ಮಾತೆತ್ತುತ್ತಾನೆ. ಆದರೆ ಚೌಕಿಯೇನೂ ಏಕಾಂತವಲ್ಲ. ಅಲ್ಲಿ ಗಣಪತಿಯ ಪೂಜೆಯಿದೆ, ಯಾರು ಎಲ್ಲಿ ಕೂರಬೇಕೆಂಬ ಕ್ರಮವಿದೆ, ಹಿರಿಯ ವೇಷಧಾರಿಯ ಎದುರು ಕಿರಿಯರು ನಡೆದುಕೊಳ್ಳುವ ರೀತಿಯಿದೆ. ರಾಯರ ನಡುಮನೆಯೂ ಅಂಥದೇ. ಅಲ್ಲಿ ಕಿರೀಟ ತೆಗೆದರೂ ಬಣ್ಣ ಪೂರ್ತಿ ಒರೆಸುವಂತಿಲ್ಲ, ಹೆಂಡತಿ ಮಕ್ಕಳು ನೋಡುತ್ತಿರುತ್ತಾರೆ. 2020ರ ಲಾಕ್‌ಡೌನಿನಲ್ಲಿ ರಂಗಸ್ಥಳ ಚೌಕಿಯೊಳಗೇ ನುಗ್ಗಿತು. ವಿಡಿಯೊ ಮೀಟಿಂಗಿಗೆ ಮೇಲೆ ಇಸ್ತ್ರಿ ಶರಟು, ಕೆಳಗೆ ಲುಂಗಿ. ಮ್ಯೂಟ್ ಆಗಿದೆಯೆಂದು ನಂಬಿ ರಾಯರು ಕುಕ್ಕರ್ ಸೀಟಿಯ ವಿಷಯಕ್ಕೆ ಹೆಂಡತಿಯ ಮೇಲೆ ಹಾರಾಡಿದ್ದನ್ನು ಇಡೀ ಕಚೇರಿ ಕೇಳಿಸಿಕೊಂಡಿತು. ಅಂದು ಎರಡೂ ಸಾಕ್ಷಿಗಳು ಕೈತಪ್ಪಿದ್ದರಿಂದ ರಾಯರು ಮೂರನೆಯದನ್ನು ಹುಡುಕಿದರು: "ನಮ್ಮೂರಲ್ಲಿ ಕೇಳಿ ನೋಡಿ."

ನಿಜವಾದ ಏಕಾಂತ ರಾಯರಿಗೆ ಸಿಗುವುದು ಹೆಂಡತಿ ಸೀಮಂತಕ್ಕೋ ನಾಮಕರಣಕ್ಕೋ ತವರಿಗೆ ಹೋದಾಗ. ಇನ್ನು ತಾವು ತಾವಾಗಿ ಇರಬಹುದೆಂದು ಬಸ್ ಹತ್ತಿಸಿ ಬರುತ್ತಲೇ ಉಬ್ಬುತ್ತಾರೆ. ಮೊದಲ ಸಂಜೆ ಸೋಫಾದ ಮೇಲೆ ಕಾಲು ಚಾಚಿ ಅನ್ನದ ಪಾತ್ರೆಯಲ್ಲೇ ಮೊಸರು ಕಲಸಿ ತಿನ್ನುತ್ತಾರೆ. ಆಮೇಲೆ ಮನೆ ತುಂಬುತ್ತದೆ. ಮೂರು ವರ್ಷದ ಹಿಂದೆ ಪ್ರಮೋಷನ್ ತಪ್ಪಿಸಿದ ಮ್ಯಾನೇಜರಿಗೆ ಆಗ ಹೊಳೆಯದೆ ಹೋದ ಉತ್ತರವನ್ನು ಗೋಡೆಗೆ ಕೊಡುತ್ತಾರೆ. ಸೈಟಿನ ಜಗಳದಲ್ಲಿ ತಮ್ಮನನ್ನು ಮಾತಿನಲ್ಲಿ ಸೋಲಿಸುತ್ತಾರೆ. ಕನ್ನಡಿಯ ಮುಂದೆ ಎದೆ ಉಬ್ಬಿಸಿ ಅಧ್ಯಕ್ಷ ಭಾಷಣ ಮಾಡುತ್ತಾರೆ. ಕಚೇರಿಯಲ್ಲೂ ಇಷ್ಟು ಜನ ಒಟ್ಟಿಗೆ ಅವರ ಮಾತು ಕೇಳಿದ್ದಿಲ್ಲ. ಎರಡನೆಯ ರಾತ್ರಿ ಒಂಬತ್ತಕ್ಕೆ ತವರಿಗೆ ಫೋನ್ ಹೋಗುತ್ತದೆ. ನೆಪ, ಗ್ಯಾಸ್ ಬುಕ್ ಮಾಡುವುದು ಹೇಗೆ ಎಂಬುದು.

ನಿವೃತ್ತಿಯಿಂದ ಕಚೇರಿಯ ಪ್ರೇಕ್ಷಕರು ಒಮ್ಮೆಲೇ ಇಲ್ಲವಾಗುತ್ತಾರೆ. ಕೆಲವು ರಾಯರು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ ಸೇರುತ್ತಾರೆ, ಬಹುಪಾಲಿನವರು ಪಾರ್ಕಿನ ನಗೆಕೂಟಕ್ಕೆ ಹೋಗುತ್ತಾರೆ. ಇಂಥ ಕೂಟಗಳನ್ನು 1995ರಲ್ಲಿ ಮುಂಬೈಯ ಪಾರ್ಕೊಂದರಲ್ಲಿ ವೈದ್ಯ ಮದನ್ ಕಟಾರಿಯಾ ಆರಂಭಿಸಿದರು. ಇಲ್ಲಿ ನಗಲು ಜೋಕು ಬೇಕಿಲ್ಲ, ಜನ ಬೇಕು. ಅದಕ್ಕೆ ಆಧಾರವೂ ಇದೆ. ಅಮೆರಿಕದ ರಾಬರ್ಟ್ ಪ್ರೊವೈನ್ ವಿದ್ಯಾರ್ಥಿಗಳಿಂದ ನಗೆಯ ದಿನಚರಿ ಬರೆಸಿ, ಒಬ್ಬರೇ ಇರುವಾಗಿನದಕ್ಕಿಂತ ಇತರರ ನಡುವೆ ಅವರು ಸುಮಾರು 30 ಪಟ್ಟು ಹೆಚ್ಚು ನಗುತ್ತಾರೆಂದು 1989ರಲ್ಲಿ ಪ್ರಕಟಿಸಿದ. ಬೆಳಗ್ಗೆ ಆರಕ್ಕೆ ರಾಯರು ಎರಡೂ ಕೈ ಮೇಲೆತ್ತಿ ಬೀದಿಗೆಲ್ಲ ಕೇಳುವಂತೆ ನಗುತ್ತಾರೆ. ಏಳಕ್ಕೆ ಮನೆಗೆ ಬಂದು ಗಂಟು ಮುಖದಲ್ಲಿ ಪೇಪರ್ ಹಿಡಿಯುತ್ತಾರೆ. "ಏನಕ್ಕೆ ಅಷ್ಟು ನಗ್ತಿದ್ರಿ, ನನಗೂ ಹೇಳಿ" ಎಂದು ಹೆಂಡತಿ ಕಾಫಿ ಇಟ್ಟು ಕೇಳಿದರೆ, "ಎಲ್ಲಾರೂ ನಗ್ತಿದ್ರು ಕಣೇ" ಎಂದು ಪುಟ ತಿರುಗಿಸುತ್ತಾರೆ.