ಒಂದು ತೊಲದ ಗುಂಡು

ಬೇಲಿಯಾಚೆಯ ಸುಬೇದಾರ್ರ ಅಳಿಯ ಟೆಕ್ಸಾಸಿನಿಂದ ನಮೀಬಿಯಾಕ್ಕೆ ಶಿಕಾರಿಗೆ ಹೊರಟಿದ್ದಾನೆ. ಕೋವಿ, ಟಿಕೆಟ್ಟು, ಬೂಟು ಎಲ್ಲ ಯಾವತ್ತೋ ತಯಾರು. ಗುಂಡು ಯಾವುದು ಅನ್ನುವುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಟೆಕ್ಸಾಸಿನಿಂದ ಅವನು ಗುಂಡುಗಳ ಫೋಟೊ ಕಳಿಸುತ್ತಾನೆ, ಇಲ್ಲಿ ನಮ್ಮಿಬ್ಬರ ಕಾಫಿ ಆರುತ್ತದೆ. ಸುಬೇದಾರ್ರ ಮನೆಯಲ್ಲೂ ಕೋವಿ ಇದೆ. ಕೈಲ್ ಮುಹೂರ್ತದ ಆಯುಧಪೂಜೆಯಲ್ಲಿ ಅದಕ್ಕೆ ಹೂ ಏರುತ್ತದೆ. 1972ರ ಕಾನೂನು ಬಂದ ಮೇಲೆ ನಮ್ಮ ಕಡೆ ಶಿಕಾರಿ ಉಳಿದಿರುವುದು ಬಾಯಲ್ಲಷ್ಟೇ, ಹಾಗಾಗಿ ಅಳಿಯನ ಫೋಟೊಗಳಿಗೆ ವಿಪರೀತ ಬೆಲೆ.

"ಮೇಷ್ಟ್ರೇ, ನೂರಾ ಎಂಬತ್ತು ಗ್ರೇನಿನ ಗುಂಡಂತೆ. ನಿಮ್ಮ ಲೆಕ್ಕದಲ್ಲಿ ಎಷ್ಟಾಯ್ತು?"

"ಸರಿಯಾಗಿ ಒಂದು ತೊಲ. ಬ್ರಿಟಿಷರ ಬೆಳ್ಳಿ ರೂಪಾಯಿ ಇತ್ತಲ್ಲ, ಅದರದ್ದೇ ತೂಕ."

ಅಂದರೆ 11.66 ಗ್ರಾಂ. 1906ರಲ್ಲಿ ಹುಟ್ಟಿದ .30-06 ತೋಟಾ ಈ ಒಂದು ತೊಲವನ್ನು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರದಬ್ಬುತ್ತದೆ. ಕುಡು, ಗೆಮ್ಸ್‌ಬಾಕ್, ವೈಲ್ಡ್‌ಬೀಸ್ಟ್, ಜೀಬ್ರಾ ಯಾವುದಕ್ಕಾದರೂ ಧಾರಾಳ. ತೊಡಕಿರುವುದು ಬೇರೆ ಕಡೆ. ಬೆಳಿಗ್ಗೆ ಎದುರಿಗೆ ಬರುವುದು 40 ಕಿಲೋದ ಸ್ಪ್ರಿಂಗ್‌ಬಾಕ್ ಆಗಿರಬಹುದು, ಸಂಜೆ 800 ಕಿಲೋದ ಈಲ್ಯಾಂಡ್ ಗಂಡು. ಗಳಿಗೆಗೊಂದು ಗುಂಡು ಬದಲಾಯಿಸೋಣ ಅಂದರೆ ಒಂದೊಂದೂ ಒಂದೊಂದು ಕಡೆ ಬೀಳುತ್ತದೆ, ಗುರಿ ಮತ್ತೆ ಹೊಂದಿಸಬೇಕು. ಎರಡಕ್ಕೂ ಆಗುವಂಥದ್ದೊಂದನ್ನೇ ಜೇಬಿಗೆ ಹಾಕಿಕೊಂಡು ಹೋಗಬೇಕು.

ಸುಬೇದಾರ್ರು ಪಲ್ಟನ್ನಿನಲ್ಲಿ ಹೊಡೆದದ್ದೆಲ್ಲ ಪೂರ್ತಿ ಕವಚದ ಗುಂಡು. ಅದನ್ನು ಜಿಂಕೆಗೆ ಹೊಡೆದರೆ ಈ ಕಡೆ ಸಣ್ಣ ತೂತು, ಆ ಕಡೆ ಸಣ್ಣ ತೂತು. ಪ್ರಾಣಿ ಎಲ್ಲೋ ಓಡಿಹೋಗಿ ನರಳಿ ಸಾಯುತ್ತದೆ. ಕಲ್ಕತ್ತೆಯ ಪಕ್ಕದ ದಮ್‌ದಮ್ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಕವಚದ ತುದಿ ತೆರೆದು ಸೀಸ ಕಾಣುವಂತೆ ಮಾಡಿದರು, ಮೈಯೊಳಗೆ ಹೊಕ್ಕೊಡನೆ ಗುಂಡು ಅಣಬೆಯ ಹಾಗೆ ಅರಳಲಿ ಅಂತ. ಯುದ್ಧದಲ್ಲಿ ಇಂಥದ್ದನ್ನು ಬಳಸಬಾರದೆಂದು 1899ರ ಹೇಗ್ ಸಮ್ಮೇಳನದಲ್ಲಿ ಘೋಷಣೆಯಾಯಿತು. ಶಿಕಾರಿಯಲ್ಲಿ ಪೂರಾ ಉಲ್ಟಾ: ಅರಳದ ಗುಂಡು ಹೊಡೆಯುವವನೇ ಪಾಪಿ.

"ಮತ್ತೆ ಆ ಕರಮೋಜೊ ಬೆಲ್? ಸಣ್ಣ 7 ಮಿಲಿಮೀಟರ್ ಕೋವಿಯಲ್ಲಿ, ಅದೂ ಅರಳದ ಗುಂಡಲ್ಲಿ ಸುಮಾರು ಎಂಟುನೂರು ಆನೆ ಹೊಡೆದನಲ್ಲ?"

ಹೊಡೆದದ್ದು ಹೌದು. ಜಿಮ್ ಕಾರ್ಬೆಟ್ ಕೈಯಲ್ಲಿದ್ದ .275 ರಿಗ್ಬಿಯೂ ಅದೇ ತೋಟಾದ್ದು. ಆದರೆ ಬೆಲ್ ಆನೆಯ ತಲೆಬುರುಡೆ ಕೊಯ್ದು ಮಿದುಳು ಎಲ್ಲಿದೆಯೆಂದು ಕಂಡುಕೊಂಡ ಆಸಾಮಿ. ಅಳಿಯನಿಗೆ ಜೀಬ್ರಾದ ಹೃದಯ ಎಲ್ಲಿದೆ ಅಂತ ಗೊತ್ತಿದ್ದರೆ ಹೆಚ್ಚು. ಅಮೆರಿಕದವರು ಮುಂಗಾಲಿನ ಹಿಂದೆ, ಪಕ್ಕೆಗೆ ಹೊಡೆದು ರೂಢಿಯಾದವರು. ಆಫ್ರಿಕದ ಪ್ರಾಣಿಗಳಿಗೆ ಮುಂಗಾಲಿನ ನೇರಕ್ಕೇ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಹೊಡೆಯಬೇಕು ಅನ್ನುತ್ತಾರೆ ಅಲ್ಲಿಯ ಬೇಟೆಗಾರರು. ಅಲ್ಲಿ ಹೊಡೆದರೆ ಭುಜದ ಮೂಳೆ ಅಡ್ಡ ಬಂದೀತು. ಮೂಳೆಗೆ ಬಡಿದು ಗುಂಡೇ ಪುಡಿಯಾದರೆ?

1946ರಲ್ಲಿ ಕೆನಡಾದಲ್ಲಿ ಜಾನ್ ನಾಸ್ಲರ್ ಎಂಬಾತನಿಗೆ ಆದದ್ದು ಇಂಥದ್ದೇ. ಮೈಗೆಲ್ಲ ಕೆಸರು ಮೆತ್ತಿಕೊಂಡಿದ್ದ ಮೂಸ್ ಕಡವೆಗೆ ಹತ್ತಿರದಿಂದಲೇ ಹೊಡೆದರೂ ಗುಂಡು ಒಳಗಿಳಿಯದೆ ಮೇಲ್ಮೈಯಲ್ಲೇ ಚೂರಾಯಿತು. ದೂರ ಹೋದಷ್ಟೂ ಗುಂಡಿನ ವೇಗ ಇಳಿಯುತ್ತದೆ, ಹತ್ತಿರದಲ್ಲೇ ಅದಕ್ಕೆ ಹೆಚ್ಚು ಪೆಟ್ಟು. ಐವತ್ತು ಗಜದ ಮುಳ್ಳುಪೊದೆಯಲ್ಲಿ ಹೆಚ್ಚು ವೇಗದ ಮ್ಯಾಗ್ನಮ್ ಕೋವಿ ಹಿಡಿದು ಮೆರೆಯುವವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ನಾಸ್ಲರ್ ಮಾಡಿದ ಪಾರ್ಟಿಷನ್ ಗುಂಡನ್ನು ಉದ್ದಕ್ಕೆ ಸೀಳಿದ ಫೋಟೊ ಮೊನ್ನೆ ಬಂತು. ಸುಬೇದಾರ್ರು ಕನ್ನಡಕ ಹಣೆಗೇರಿಸಿ, ಬೆರಳಲ್ಲಿ ಹಿಗ್ಗಿಸಿ ನೋಡಿದರು. ಹೊರಗೆ ತಾಮ್ರಮಿಶ್ರಿತ ಕವಚ, ಒಳಗೆ ಸೀಸ, ಸೀಸದ ನಡುವೆ ಕವಚದ್ದೇ ಒಂದು ಅಡ್ಡಗೋಡೆ. ಗೋಡೆಯ ಮುಂದಿನದು ಅರಳುತ್ತದೆ, ಹಿಂದಿನದು ಗಟ್ಟಿಯಾಗಿ ಉಳಿದು ಮುಂದಕ್ಕೆ ನುಗ್ಗುತ್ತದೆ. 1948ರಿಂದ ಮಾರಾಟಕ್ಕಿದೆ, ಇವತ್ತಿಗೂ ಬೈಯುವವರು ಕಡಿಮೆ.

ನನ್ನ ಮತ ಮಾತ್ರ ಪೂರ್ತಿ ತಾಮ್ರದ ಗುಂಡಿಗೆ. ತುದಿಯಲ್ಲಿ ಗುಳಿ, ಬಡಿದಾಗ ನಾಲ್ಕು ಎಸಳಾಗಿ ಬಿಚ್ಚಿಕೊಳ್ಳುತ್ತದೆ, ತೂಕ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಸಾಮಾನ್ಯವಾಗಿ ಆಚೆ ಬದಿಯಿಂದ ಹೊರಬೀಳುತ್ತದೆ. ಎರಡು ತೂತಾದರೆ ನೆಲದ ಮೇಲೆ ರಕ್ತದ ಜಾಡು ಸಿಗುತ್ತದೆ. ಇನ್ನೊಂದು ಕಾರಣವೂ ಇದೆ: ಸೀಸದ ಚೂರು ಸೇರಿದ ಕರುಳು ತಿಂದು ರಣಹದ್ದುಗಳು ವಿಷವೇರಿ ಸಾಯುತ್ತವೆ. ಕಾಂಡೋರ್ ಹದ್ದಿನಂಥ ಜೀವಿಗಳನ್ನು ಉಳಿಸಲು ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸವನ್ನು ಪೂರ್ತಿ ನಿಲ್ಲಿಸಿತು.

"ತಾಮ್ರ ದುಬಾರಿ ಅಂತಾನಲ್ಲ ಅವನು."

"ನಮೀಬಿಯಾದ ಪದ್ಧತಿ ಗೊತ್ತಾ ಸುಬೇದಾರ್ರೇ? ಒಂದು ಹನಿ ರಕ್ತ ನೆಲಕ್ಕೆ ಬಿದ್ದರೆ ಮುಗೀತು. ಪ್ರಾಣಿ ಕೈಗೆ ಸಿಗಲಿ ಬಿಡಲಿ, ಪೂರ್ತಿ ದುಡ್ಡು ಎಣಿಸಬೇಕು."

ಸುಬೇದಾರ್ರು ಆರಿದ ಕಾಫಿಯನ್ನು ಗಟಗಟ ಕುಡಿದರು. "ಹಾಗಾದ್ರೆ ತಾಮ್ರದ್ದೇ ತಗೋ ಅಂತ ಬರೀರಿ ಮೇಷ್ಟ್ರೇ. ನೀವೇ ಹೇಳಿದ್ದು ಅಂತ ಇರಲಿ. ಮಾವ ಹೇಳಿದ್ದು ಅಂದ್ರೆ ಸೀಸದ್ದೇ ತಗೊಂಡಾನು."