ಡಬ್ಬಾದ ಪರವಾಗಿ ಒಂದು ವಕಾಲತ್ತು

ಮಹಾರಾಷ್ಟ್ರದ ಗಡಿಗೆ ಹತ್ತಿದ ಉಮರ್ಗಾ, ನಿಲಂಗಾ, ಉದಗೀರದ ಕಡೆ ಹಳೇ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಯಾರೂ ಪೂರ್ತಿ ಹೆಸರಿಟ್ಟು ಕರೆಯುವುದಿಲ್ಲ. ಡಬ್ಬಾ ಎಂದರೆ ಮುಗಿಯಿತು. ಪುಣೆಯಲ್ಲಿ ನೌಕರಿ ಮಾಡುವ ಹುಡುಗರು ದೀಪಾವಳಿಗೆ ಬಂದಾಗ ಅವರ ಕಣ್ಣಿಗೆ ಮೊದಲು ಬೀಳುವುದೂ ಅದೇ. “ಕಾಕಾ, ಇನ್ನಾ ಇದನ್ನೇ ಇಟ್ಕೊಂಡ್ ಕುಂತೀರಲ್ಲ, ಭಂಗಾರದಾಗ ಹಾಕ್ರಿ” ಎಂದು ಗುಜರಿಯ ತೀರ್ಪು ಕೊಟ್ಟು, ಚಕ್ಕುಲಿ ಕಟ್ಟಿಸಿಕೊಂಡು ಬಸ್ಸು ಹತ್ತುತ್ತಾರೆ. ಆ ತೀರ್ಪಿನ ಮೇಲೆ ಅಪೀಲು ಹೋಗುವವರು ಯಾರೂ ಇಲ್ಲದ್ದರಿಂದ ವಕಾಲತ್ತನ್ನು ನಾನೇ ವಹಿಸಿಕೊಂಡಿದ್ದೇನೆ. ನನ್ನ ವಾದ ಇಷ್ಟು: ಈ ಗಡಿ ಊರುಗಳಲ್ಲಿ ಮೇಜಿನ ಮೇಲೆ ನಡೆಯುವ ಕೆಲಸಕ್ಕೆ ಹದಿನೈದು ವರ್ಷ ಹಳೆಯ ಡೆಸ್ಕ್‌ಟಾಪ್ ಧಾರಾಳವಾಗಿ ಸಾಕು, ಕೆಲವು ಕೆಲಸಕ್ಕಂತೂ ಅದೇ ಬೇಕು.

ಕೆಲಸವಾದರೂ ಯಾವುದು? ಮೋಂಢಾಕ್ಕೆ, ಎಂದರೆ ಧಾನ್ಯದ ಪೇಟೆಗೆ, ತೊಗರಿ, ಸೋಯಾಬೀನ್ ತಂದ ರೈತನಿಗೆ ಹಮಾಲಿ ಕಳೆದು ಕೊಡುವ ಪಟ್ಟಿ, ಪತಸಂಸ್ಥೆ ಎಂಬ ಸಾಲದ ಸೊಸೈಟಿಯ ನೋಟಿಸು, ತಹಶೀಲ್ದಾರರಿಗೆ ಅರ್ಜಿ, ಜಾತ್ರೆಯ ಪಾವತಿ ಪುಸ್ತಕ, ಮದುವೆಯ ಸುಗ್ಗಿಯಲ್ಲಿ ಲಗ್ನಪತ್ರಿಕೆ. ಎಲ್ಲವೂ ಅಕ್ಷರ ಮತ್ತು ಕೂಡುಲೆಕ್ಕ. ಯುನಿಕೋಡ್ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಎಂದು ಹಿಡಿದರೂ, ಒಂದು ಸಾಧಾರಣ ಅರ್ಜಿಯ ಪುಟ ಸುಮಾರು 6 ಕಿಲೋಬೈಟಿಗೆ ಮುಗಿಯುತ್ತದೆ. ಆ ಕಾಕಾನ ಡಬ್ಬಾದಲ್ಲಿರುವ 2 ಜಿಬಿ ರ‍್ಯಾಮಿನಲ್ಲಿ ಅಂಥ ಮೂರು ಲಕ್ಷ ಪುಟ ಹಿಡಿಸುತ್ತವೆ. ತಾಲೂಕಿನ ಜಗಳಗಂಟರೆಲ್ಲ ಸೇರಿ ಅರ್ಜಿ ಬರೆದರೂ ತುಂಬುವುದು ಕಷ್ಟ. ಈ ಭಾಗದಲ್ಲಿ ಈಚೆಗೆ ಬಂದ ದೊಡ್ಡ ಕಾಗದದ ಕೆಲಸವೆಂದರೆ 2023ರಲ್ಲಿ ಉಸ್ಮಾನಾಬಾದ್ ಜಿಲ್ಲೆ ಧಾರಾಶಿವವಾದದ್ದು. ಉಮರ್ಗಾದ ಲೆಟರ್‌ಹೆಡ್ಡುಗಳೆಲ್ಲ ಬದಲಾಗಬೇಕಾಯಿತು. ಹಳೇ ಹೆಸರು ಹುಡುಕಿ ಹೊಸದನ್ನು ಕೂರಿಸುವ ಸೌಲಭ್ಯ ವರ್ಡ್‌ನಲ್ಲಿ ಮೊದಲಿನಿಂದಲೂ ಇದೆ. ಜಿಲ್ಲೆ ಹೊಸದಾದರೆ ಯಂತ್ರವೂ ಹೊಸದಾಗಬೇಕೆಂಬ ನಿಯಮವೇನಿಲ್ಲ. ಇದೇ ನಿಲಂಗಾ, ಉದಗೀರ 1956ರ ತನಕ ಬೀದರ ಜಿಲ್ಲೆಯಲ್ಲಿದ್ದು, ಆಮೇಲೆ ಉಸ್ಮಾನಾಬಾದಿಗೆ, 1982ರಲ್ಲಿ ಲಾತೂರಿಗೆ ಸೇರಿದವು. ಊರು ಮಾತ್ರ ಇದ್ದಲ್ಲೇ ಇತ್ತು.

“ಆದರೆ ಅದು ಶುರುವಾಗೋದ್ರಾಗ ಎರಡು ಚಹಾ ಆಗ್ತಾವ” ಎನ್ನುವುದು ಮೊದಲ ಆಕ್ಷೇಪ. ನಿಜ. ಆದರೆ ತಪ್ಪು ಬಹುತೇಕ ಪ್ರೊಸೆಸರಿನದಲ್ಲ, ಹಾರ್ಡ್‌ಡಿಸ್ಕಿನದು. ನಿಮಿಷಕ್ಕೆ 7200 ಸುತ್ತು ಹಾಕುವ ತಟ್ಟೆಯ ಮೇಲೆ ಮುಳ್ಳು ಅತ್ತಿತ್ತ ಓಡಾಡಿ ಒಂದೊಂದು ಫೈಲನ್ನು ಮುಟ್ಟಲು ಹತ್ತು ಮಿಲಿಸೆಕೆಂಡಿನಷ್ಟು ಬೇಕು. ವಿಂಡೋಸ್ ಏಳುವಾಗ ಕೇಳುವುದು ಸಾವಿರಾರು ತುಣುಕು. ಆ ಡಿಸ್ಕನ್ನು ತೆಗೆದು, ಅದೇ ಸಾಟಾ ಕೇಬಲ್ಲಿಗೆ ಒಂದು ಸಣ್ಣ ಎಸ್‌ಎಸ್‌ಡಿ ಸಿಕ್ಕಿಸಿದರೆ ಚಹಾ ಬರುವುದರೊಳಗೆ ಪರದೆ ತಯಾರು. 2006ರಲ್ಲಿ ಬಂದ ಕೋರ್ 2 ಡ್ಯುಯೋ ಪ್ರೊಸೆಸರ್ ಕೂಡ ಪಟ್ಟಿ ಕೂಡಿಸುವಾಗ ಹೆಚ್ಚಿನ ಹೊತ್ತು ಸುಮ್ಮನೆ ಕೂತಿರುತ್ತದೆ. ಬೆರಳು ಕೀಲಿಯ ಮೇಲೆ ಇಳಿಯುವುದನ್ನೇ ಅದು ಕಾಯುತ್ತಿರುತ್ತದೆ, ಬೆರಳು ಮುಂದಿನ ವಾಕ್ಯ ಏನೆಂದು ಕಾಯುತ್ತಿರುತ್ತದೆ. ಆ ವಿಳಂಬಕ್ಕೆ ಮಾರುಕಟ್ಟೆಯಲ್ಲಿ ಬಿಡಿಭಾಗ ಸಿಗುವುದಿಲ್ಲ.

ನನ್ನ ಗಟ್ಟಿ ಸಾಕ್ಷ್ಯ ಮಾತ್ರ ಲಗ್ನಪತ್ರಿಕೆ. ಇಲ್ಲಿಯ ಮನೆಗಳ ಬೀಗತನ ಗಡಿಯಾಚೆಯ ಆಳಂದ, ಬಸವಕಲ್ಯಾಣ, ಭಾಲ್ಕಿಯವರೆಗೂ ಹಬ್ಬಿದೆ. ಪತ್ರಿಕೆಯ ಒಂದು ಮಗ್ಗುಲು ಮರಾಠಿ, ಇನ್ನೊಂದು ಕನ್ನಡ. ಡಿಟಿಪಿ ಅಂಗಡಿಗಳಲ್ಲಿ ಇವು ಹುಟ್ಟಿದ್ದು ಪೇಜ್‌ಮೇಕರಿನಲ್ಲಿ. 2001ರಲ್ಲಿ ಬಂದ ಅದರ ಏಳನೆಯ ಆವೃತ್ತಿಯೇ ಕೊನೆಯದು, ಯುನಿಕೋಡ್ ಅದಕ್ಕೆ ಗೊತ್ತಿಲ್ಲ. ಆ ಕಾಲದ ಫಾಂಟುಗಳಲ್ಲಿ ಅಕ್ಷರಗಳಿಗೆ ಒಟ್ಟು 256 ಮನೆ. ಕನ್ನಡದ ಫಾಂಟೂ ಮರಾಠಿಯ ಫಾಂಟೂ ಅವೇ ಮನೆಗಳಲ್ಲಿ ಸಂಸಾರ ಹೂಡಿದ್ದವು, ಅದೂ ಇಂಗ್ಲಿಷ್ ಅಕ್ಷರಗಳನ್ನು ಹೊರಹಾಕಿ. ಮರಾಠಿ ಸಾಲನ್ನು ಗುರುತು ಮಾಡಿ ತಪ್ಪಿ ನುಡಿ, ಬರಹ ಎಂಬ ಕನ್ನಡ ಫಾಂಟುಗಳಲ್ಲಿ ಒಂದನ್ನು ಒತ್ತಿದರೆ ವರನ ಅಜ್ಜನ ಹೆಸರು ಯಾವ ಭಾಷೆಗೂ ಸೇರದ ಗದ್ದಲವಾಗುತ್ತಿತ್ತು. ಯುನಿಕೋಡ್ ಬಂದು ದೇವನಾಗರಿಗೆ 128, ಕನ್ನಡಕ್ಕೆ 128 ಮನೆ ಬೇರೆ ಬೇರೆ ಅಳೆದು ಕೊಟ್ಟಿತು. ಕರ್ನಾಟಕ–ಮಹಾರಾಷ್ಟ್ರ ಗಡಿ ತಂಟೆಯ ಮೇಲೆ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟೂ ಆಗದ ಇತ್ಯರ್ಥವನ್ನು ಈ ವಿಷಯದಲ್ಲಿ ಒಂದು ಕೋಷ್ಟಕ ಮಾಡಿತು ಎನ್ನಬಹುದು.

ಹಾಗಿದ್ದರೆ ಹೊಸ ಯಂತ್ರವೇ ಮೇಲಲ್ಲವೇ? ಅಲ್ಲ, ಯಾಕೆಂದರೆ ಯುನಿಕೋಡ್ ಡಬ್ಬಾಕ್ಕೂ ಬರುತ್ತದೆ. ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಎಂಬ ಕನ್ನಡ ಫಾಂಟು ಇತ್ತು. ಹೊಸದಕ್ಕೆ ಬಾರದಿರುವುದು ಹಳೆಯ ಗಂಟು. ದೇವಸ್ಥಾನ ಟ್ರಸ್ಟಿನ ನಿಯಮಾವಳಿ, ಮಠದ ಸ್ಮರಣಸಂಚಿಕೆ, ಇಪ್ಪತ್ತು ವರ್ಷದ ಪತ್ರವ್ಯವಹಾರ ಎಲ್ಲವೂ ಆ 256 ಮನೆಗಳಲ್ಲೇ ಕೂತಿವೆ. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬಸವ ಜಯಂತಿಯ ಕಾರ್ಯಕ್ರಮಪಟ್ಟಿ ತಲೆಯ ಮೇಲೆ ಚುಕ್ಕೆ, ಟೋಪಿ ಹೊತ್ತ ಫ್ರೆಂಚ್ ಪತ್ರದಂತೆ ಕಾಣುತ್ತದೆ. ಪರಿವರ್ತಕಗಳಿವೆ, ಒಪ್ಪಿದೆ, ಅರ್ಕಾವೊತ್ತು ಬಂದಲ್ಲಿ ಅವಕ್ಕೂ ಒಮ್ಮೊಮ್ಮೆ ಕಾಲು ತೊಡರುತ್ತದೆ. ಫಾಂಟು ಹುಡುಕಿ ಹಾಕಬಹುದು, ಅದೂ ಒಪ್ಪಿದೆ. ಆ ಫಾಂಟು ಎಲ್ಲಿಂದ ತರುವುದು? ಡಬ್ಬಾದಿಂದಲೇ.

ಇನ್ನು ಸುರಕ್ಷತೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಯಂತ್ರ ವಿಂಡೋಸ್ 11ಕ್ಕೆ ಅರ್ಹವಲ್ಲ. ಆ ದಿನ ಯಾವ ಕಂಪ್ಯೂಟರಿನ ಸ್ಕ್ರೂವೂ ಸಡಿಲಾಗಲಿಲ್ಲ, ಆದರೂ ಈ ಆಕ್ಷೇಪವನ್ನು ನಾನು ತಮಾಷೆ ಮಾಡಿ ತಳ್ಳುವುದಿಲ್ಲ. ಬ್ಯಾಂಕಿನ ವ್ಯವಹಾರ ಡಬ್ಬಾದಲ್ಲಿ ಬೇಡ. ಕ್ರೋಮ್ 2023ರಲ್ಲೇ ವಿಂಡೋಸ್ 7ರ ಕೈಬಿಟ್ಟಿದೆ. ಆನ್‌ಲೈನಿನಲ್ಲಿ ಸಾತ್‌ಬಾರಾ ಉತಾರಾ (ಪಹಣಿ) ತೆಗೆದುಕೊಡುವ ಸೇತು ಕೇಂದ್ರದವರು ಹೊಸದನ್ನೇ ಕೊಳ್ಳಲಿ, ಅಥವಾ ಲಿನಕ್ಸ್ ಹಾಕಬಲ್ಲ ಹುಡುಗನನ್ನು ಹಿಡಿಯಲಿ. ಉಳಿದವರು ನೆಟ್ಟಿನ ವೈರು ಕಿತ್ತಿಟ್ಟರೆ ಅರ್ಧ ಭಯ ಹೋಯಿತು. ಮಿಕ್ಕರ್ಧ ಪೆನ್‌ಡ್ರೈವಿನದು. ಫೋಲ್ಡರುಗಳನ್ನೆಲ್ಲ ಶಾರ್ಟ್‌ಕಟ್ ಮಾಡಿಬಿಡುವ ವೈರಸ್ಸು ಝೆರಾಕ್ಸ್ ಅಂಗಡಿಯಿಂದ ಝೆರಾಕ್ಸ್ ಅಂಗಡಿಗೆ, ಯಾವ ಚೆಕ್‌ಪೋಸ್ಟಿಗೂ ಸಿಗದೆ ರಾಜ್ಯ ದಾಟುತ್ತದೆ. ಕರೆಂಟಿನ ಬಿಲ್ಲು? ನೂರು ವ್ಯಾಟಿನ ಯಂತ್ರ ದಿನಕ್ಕೆ ಆರು ತಾಸು ನಡೆದರೆ ತಿಂಗಳಿಗೆ ಹದಿನೈದು–ಹದಿನೆಂಟು ಯೂನಿಟ್ಟು. ಲ್ಯಾಪ್‌ಟಾಪು ಅದರಲ್ಲಿ ಎಷ್ಟೇ ಉಳಿಸಲಿ, ಆ ಉಳಿತಾಯದಲ್ಲಿ ಲ್ಯಾಪ್‌ಟಾಪಿನ ಕಂತು ತೀರುವಷ್ಟರಲ್ಲಿ ಲ್ಯಾಪ್‌ಟಾಪೇ ಡಬ್ಬಾ ಆಗಿರುತ್ತದೆ. ಲೈಟ್ ಹೋದಾಗ ಮಾತ್ರ ಲ್ಯಾಪ್‌ಟಾಪು ಗೆಲ್ಲುತ್ತದೆ. ಡಬ್ಬಾದವರು ಯುಪಿಎಸ್ಸು ಕೀಂ ಎನ್ನುವ ಮುಂಚೆ ಕಂಟ್ರೋಲ್-ಎಸ್ ಒತ್ತಲು ಕಲಿತಿದ್ದಾರೆ.

ಕೆಟ್ಟರೆ ಯಾರು ನೋಡುತ್ತಾರೆ ಎಂಬ ಪ್ರಶ್ನೆಯೇ ಡಬ್ಬಾಕ್ಕೆ ಅನುಕೂಲ. ಪರದೆ ಕಪ್ಪಾಗಿ ಒಳಗಿನಿಂದ ಬೀಪ್ ಬೀಪ್ ಬಂತೆಂದರೆ ಪಕ್ಕದ ಹಲಗೆ ಬಿಚ್ಚಿ, ರ‍್ಯಾಮಿನ ಪಟ್ಟಿ ಕಿತ್ತು, ಅದರ ಹೊಂಬಣ್ಣದ ಅಂಚನ್ನು ಮಗಳ ಕಂಪಾಸಿನಲ್ಲಿರುವ ರಬ್ಬರಿನಿಂದ ಎರಡೂ ಕಡೆ ಉಜ್ಜಿ, ಟಕ್ ಎನ್ನುವ ಹಾಗೆ ಕೂರಿಸಿದರೆ ಬಹಳ ಸಲ ಎದ್ದು ಕೂರುತ್ತದೆ. ಈಗಿನ ಎಷ್ಟೋ ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ರಬ್ಬರಿಗೆ ಅಲ್ಲಿ ಕೆಲಸವಿಲ್ಲ. ಹಳೆಯದರಲ್ಲಿ ನಾನು ಸಮರ್ಥಿಸದೇ ಬಿಡುವುದು ಗಾಜಿನ ದಪ್ಪ ಮಾನಿಟರ್ ಒಂದನ್ನೇ. ಅದು ಕರೆಂಟು ತಿನ್ನುತ್ತದೆ, ಏಪ್ರಿಲ್ಲಿನ ಮಧ್ಯಾಹ್ನ ಕೋಣೆಯನ್ನೂ ಕಾಯಿಸುತ್ತದೆ. ಇದಕ್ಕೆ ಕಾಕಾನ ತಕರಾರು ಒಂದೇ: ತೆಳು ಪರದೆ ಬಂದರೆ ಅದರ ನೆತ್ತಿಯ ಮೇಲಿರುವ ಅಕ್ಕಲಕೋಟೆ ಸ್ವಾಮಿಗಳ ಫೋಟೋ, ಊದಿನಕಡ್ಡಿಯ ಡಬ್ಬಿ ಎಲ್ಲಿಡುವುದು? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಸಿಪಿಯು ಮೇಲೆ ಜಾಗವಿದೆ, ಆದರೆ ಅಲ್ಲಿ ಈಗಾಗಲೇ ಪ್ರಿಂಟರ್ ಕೂತಿದೆ.